ಹಕ್ಕಿಗೆ ಬಿಟ್ಟ ನೀರು

"ಏಳ್ರೇ ರಂಡೇರಾ! ಹಕ್ಕಿ ಇಳಿಯೋ ಹೊತ್ತಾತು, ಇನ್ನಾ ಇಲ್ಲೇ ಕುಂತೀರಿ!"

ಶಾಲುಬಾಯಿ ತಲೆ ಎತ್ತಲಿಲ್ಲ. ಒರತೆಯ ತಳದಲ್ಲಿ ಒಂದು ಚಿಪ್ಪಿನಷ್ಟು ನೀರು ಆಗತಾನೆ ತಿಳಿಯಾಗುತ್ತಿತ್ತು. ಆ ವರ್ಷ ಕಾರಂಜಾ ಅಣೆಕಟ್ಟಿನ ಹಿನ್ನೀರು ದಂಡೆಯಿಂದ ಸರಿಯುತ್ತ ಸರಿಯುತ್ತ ನಡುವೆ ಒಂದು ಹೊಂಡವಾಗಿ ನಿಂತಿತ್ತು. ಹೊಂಡದ ನೀರು ಹಸಿರುಗಟ್ಟಿ ನಾರುತ್ತಿತ್ತು. ಭೀಮನಗರದ ಹೆಂಗಸರು ಬಿರುಕುಬಿಟ್ಟ ದಂಡೆಯಲ್ಲಿ ಕುಳಿ ತೋಡಿ, ಒಸರಿದ್ದನ್ನು ತೆಂಗಿನ ಚಿಪ್ಪಿನಿಂದ ಮೊಗೆದು ಕೊಡಕ್ಕೆ ಸುರಿದುಕೊಳ್ಳುತ್ತಿದ್ದರು. ಅದೂ ಬೆಳಗಿನ ತಂಪಿನಲ್ಲಿ ಮಾತ್ರ. ಬಿಸಿಲು ಏರಿತೆಂದರೆ ಒಸರಿದ್ದನ್ನೆಲ್ಲ ನೆಲವೇ ಕುಡಿದುಬಿಡುತ್ತಿತ್ತು.

"ಕಿವಿ ಕೇಳ್ಸಲ್ಲೇನ ನಿಂಗ?" ಮನ್ಮಥಪ್ಪ ಬೂಟುಗಾಲಿನಿಂದ ಕುಳಿಯ ಅಂಚನ್ನು ಒದ್ದ. ಒಣಮಣ್ಣು ಜಾರಿ ಒಳಗೆ ಬಿತ್ತು. ತಿಳಿಯಾಗಿದ್ದ ನೀರು ಮತ್ತೆ ಕೆಸರಾಯಿತು.

ಶಾಲುಬಾಯಿ ಚಿಪ್ಪು ಹಿಡಿದ ಕೈಯನ್ನು ಹಾಗೇ ಹಿಂದಕ್ಕೆ ಎಳೆದುಕೊಂಡಳು.

ಮನ್ಮಥಪ್ಪ ಊರ ಪಾಟೀಲರ ಮಗ. ಹೈದರಾಬಾದಿನಲ್ಲಿ ದೊಡ್ಡ ಹೋಟೆಲಿನ ಕೆಲಸ ಕಲಿತು ಬಂದವನು ದಂಡೆಗೆ ಹತ್ತಿದ ಹೊಲದಲ್ಲಿ ಹುಲ್ಲಿನ ಮಾಡಿನ ಕೋಣೆಗಳನ್ನು ಕಟ್ಟಿಸಿದ್ದ. ಭಾಲ್ಕಿ ರಸ್ತೆಗೆ ಬೋರ್ಡು ನಿಲ್ಲಿಸಿದ್ದ: 'ಕಾರಂಜಾ ತೀರ. ಹಕ್ಕಿ, ಚಿಗರಿ, ಮೂಲ ಸಂಸ್ಕೃತಿ. ಖಾಸಗಿ ಪ್ರವಾಸ.' ಒಂದು ಸಲಕ್ಕೆ ಒಂದೇ ಪಾರ್ಟಿ. ಬಂದವರಿಗೆ ಬೀದರಿನ ಕೋಟೆ ತೋರಿಸಿ, ಔರಾದ ಕಡೆಯ ಬಯಲಿನಲ್ಲಿ ಚಿಗರಿ ಜಿಂಕೆಗಳ ಹಿಂಡು ತೋರಿಸಿ, ಕೊನೆಗೆ ಇಲ್ಲಿಗೆ ಕರೆತರುತ್ತಿದ್ದ. "ಬೀದರ ಜಿಲ್ಲಾಕ ಸಮುದ್ರಾನೇ ತಂದಾನ ನೋಡವಾ, ಉಪ್ಪೊಂದು ಕಮ್ಮಿ ಬಿದ್ದದ" ಎಂದು ನೆರೆಮನೆಯ ಜನಾಬಾಯಿ ಆ ಬೋರ್ಡಿನ ಕೆಳಗೆ ಹಾದಾಗಲೆಲ್ಲ ಅನ್ನುತ್ತಿದ್ದಳು.

ಹಿನ್ನೀರು ಸರಿದಾಗ ಹಕ್ಕಿಗಳೂ ದೂರ ಸರಿದವು. ಆಗ ಅವನು ತನ್ನ ಹೊಲದ ಬೋರಿನಿಂದ ದಂಡೆಗೆ ಕರಿ ಪೈಪು ಎಳೆಸಿದ. ನೀರು ಹರಿದು ಕೆಸರಾದಲ್ಲಿ ಹುಳ ಏಳುತ್ತಿದ್ದವು. ಹುಳಕ್ಕೆ ಹಕ್ಕಿ ಬರುತ್ತಿದ್ದವು, ಹಕ್ಕಿಗೆ ಕಾರಿನವರು ಬರುತ್ತಿದ್ದರು.

"ಮಾಲಕರ, ಪೈಪಿಂದ ಒಂದೊಂದ ಕೊಡ ಹಿಡ್ಕೋತೀವ್ರಿ. ಹಿಡ್ಕೊಂಡು ಹೊಂಟೇ ಹೋಗ್ತೀವಿ" ಎಂದಳು ಶಾಲುಬಾಯಿ.

"ಅದು ಹಕ್ಕಿಗಿ ಬಿಟ್ಟ ನೀರು. ನೀವು ಸೀರಿ ಬೀಸ್ಕೋತ ಬಂದ್ರ ಹಕ್ಕಿ ಭಾಲ್ಕಿ ತನಾ ಹಾರಿ ಹೋಗ್ತಾವ. ಪಾರ್ಟಿಯವ್ರು ಅಷ್ಟ ದೂರಿಂದ ಬಂದು ನಿಮ್ಮ ಮುಕಳಿ ನೋಡ್ಬೇಕೇನು?"

"ನೋಡ್ಲಿ ಬಿಡ್ರಿ ಮಾಲಕರ" ಅಂದಳು ಜನಾಬಾಯಿ. "ಪುಕ್ಕಟ ತೋರಸ್ತೀವಿ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮನ್ಮಥಪ್ಪ ಕೈಯಲ್ಲಿದ್ದ ಬೆತ್ತ ಎತ್ತಿದ. ನಗು ನಿಂತಿತು. ತುಂಬದ ಕೊಡಗಳು ಒಂದೊಂದಾಗಿ ಸೊಂಟಕ್ಕೇರಿದವು.

ಶಾಲುಬಾಯಿ ದಿಬ್ಬ ಹತ್ತುವಾಗ ತಿರುಗಿ ನೋಡಿದಳು. ಕರಿ ಪೈಪಿನ ಬಾಯಿಂದ ನೀರು ದಬದಬ ಸುರಿಯುತ್ತಿತ್ತು. ಒಂದು ಬೆಳ್ಳಕ್ಕಿ ಅದರಲ್ಲಿ ನಿಂತು ನಿಧಾನವಾಗಿ ರೆಕ್ಕೆ ತೊಳೆದುಕೊಳ್ಳುತ್ತಿತ್ತು.

* * *

"ಆಯಿ, ತಲಿ ಉರೀತದ."

"ಉರೀತದ ನನ್ನವ್ವ. ಬಾ, ಇಲ್ಲಿ ಕುಂಡ್ರು."

ಸುಜಾತಾ ತಾಯಿಯ ತೊಡೆಯ ಮೇಲೆ ತಲೆಯಿಟ್ಟಳು. ಕೂದಲ ಬುಡದಲ್ಲೆಲ್ಲ ಗುಳ್ಳೆ ಎದ್ದು, ಒಡೆದು, ಹಕ್ಕಳೆ ಕಟ್ಟಿತ್ತು. ನೊಣ ಕೂರದಂತೆ ಶಾಲುಬಾಯಿ ಎಡಗೈಯಿಂದ ಬೀಸುತ್ತ, ಬಲಗೈಯಿಂದ ಸೆರಗಿನ ತುದಿಯನ್ನು ಚೊಂಬಿನಲ್ಲಿ ಅದ್ದಿ ಅದ್ದಿ ಒರೆಸಿದಳು. ದವಾಖಾನೆಯ ನರ್ಸು ಮುಲಾಮು ಕೊಟ್ಟು, 'ದಿನಾ ತಲಿ ತೊಳದು ಹಚ್ಚು, ತೊಳೀದೆ ಹಚ್ಚಿದ್ರ ಇನ್ನಾ ಕೊಳೀತದ' ಎಂದು ಹೇಳಿ ಕಳಿಸಿದ್ದಳು. ಮುಲಾಮಿನ ಟ್ಯೂಬು ಹಾಗೇ ಗೂಡಿನಲ್ಲಿತ್ತು. ಸರ್ಕಾರದ ಟ್ಯಾಂಕರು ಚಾವಡಿ ಮುಂದೆ ನಿಂತು ಬರಿದಾಗುತ್ತಿತ್ತು. ಭೀಮನಗರಕ್ಕೆ ಬರುವಾಗ ಅದರ ತಳದಲ್ಲಿ ತುಕ್ಕು ಮಾತ್ರ ಇರುತ್ತಿತ್ತು. ತಲೆ ತೊಳೆಯುವುದೆಂದರೆ ಒಂದು ಮನೆಯ ಕುಡಿಯುವ ನೀರು.

ಓಣಿಯ ಮುಕ್ಕಾಲು ಬಾಗಿಲುಗಳಿಗೆ ಬೀಗ. ಗಂಡಸರು ಹೈದರಾಬಾದಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಶಾಲುಬಾಯಿಯ ಗಂಡ ಗೋರಖನಾಥನೂ ಯುಗಾದಿಯ ಮರುದಿನವೇ ಹೋದವನು. ಅವಳೂ ಹೋಗಬಹುದಿತ್ತು, ಆದರೆ ಅತ್ತೆಗೆ ಮೊಣಕಾಲು ಮಡಚಲು ಬರುತ್ತಿರಲಿಲ್ಲ, ಮಗುವಿಗೆ ಹೀಗಾಗಿತ್ತು.

ಹೊರಗೆ ಮೋಟರ್‌ಸೈಕಲ್ ನಿಂತ ಸದ್ದು. ಮನ್ಮಥಪ್ಪ ಅದರ ಮೇಲಿಂದ ಇಳಿಯದೆ, ಬೇವಿನ ನೆರಳಿಗೆ ಸರಿಸಿಕೊಂಡು ಕರೆದ.

"ಶಾಲೂ, ಬಾ ಇಲ್ಲಿ. ಮುಂಜಾನಿ ಏನೋ ಸಿಟ್ಟಿಲೆ ಅಂದೆ, ಮನಸಿಗಿ ಹಚ್ಚಕೋಬ್ಯಾಡ."

ಶಾಲುಬಾಯಿ ಹೊಸ್ತಿಲಲ್ಲಿ ನಿಂತಳು. ಜನಾಬಾಯಿಯೂ ತನ್ನ ಗುಡಿಸಲಿನಿಂದ ಹೊರಬಂದಳು. ಅವಳಿಗೆ ಯಾರ ಮಾತೂ ತಪ್ಪಬಾರದು.

"ನಾಳಿ ಬೆಂಗಳೂರಿನ ಪಾರ್ಟಿ ಬರ್ಲತ್ತದ. ಗಂಡ ಹೆಂಡ್ತಿ, ಭಾಳ ದೊಡ್ಡ ಮಂದಿ. ಹಕ್ಕಿ ಅಷ್ಟೇ ಸಾಲಲ್ಲ ಅವ್ರಿಗಿ. ನಿಮ್ಮ ಮರಗಮ್ಮನ್ನ ಸೀಮಿ ದಾಟಸೋದು ಅದ ನೋಡು, ಅದು ಮಾಡಿ ತೋರ್ಸಬೇಕು. ನೀನೇ ಬುಟ್ಟಿ ಹೊರು, ನಿನ್ನ ಮಾರಿ ಫೋಟೋಕ ಛಲೋ ಬರ್ತದ."

ಒಳಗಿನ ಕತ್ತಲೆಯಿಂದ ಅತ್ತೆ ಜಿಜಾಬಾಯಿಯ ದನಿ ಬಂತು. "ಅದು ನಮ್ಮದಲ್ಲ. ನಾವು ಬಿಟ್ಟೀವಿ."

"ಮುದುಕಿ, ನಾ ನಿನಗ ಕೇಳಿಲ್ಲ" ಎಂದ ಮನ್ಮಥಪ್ಪ. "ಖರೇ ಖರೇ ಮಾಡು ಅಂತ ಯಾರಂದ್ರು? ಆಟ. ಮಾಡಿದ್ರ ದಿನಾ ಮುಂಜಾನಿ ಪೈಪಿನ ನೀರು ತುಂಬ್ಕೋರಿ. ಓಣಿಗಿ ಓಣೀನೇ ತುಂಬ್ಕೋರಿ. ಪಾಟೀಲನ ಮಾತು ಇದು."

ಅವನು ಹೋದ ಮೇಲೂ ಪೆಟ್ರೋಲಿನ ವಾಸನೆ ಬಾಗಿಲಲ್ಲೇ ಇತ್ತು.

ಶಾಲುಬಾಯಿ ಆ ಪದ್ಧತಿಯನ್ನು ಕಂಡವಳಲ್ಲ, ಕೇಳಿದವಳು. ಊರಿಗೆ ಬರವೋ ಬೇನೆಯೋ ಬಂದರೆ ಊರವರು ಅದನ್ನು ಒಂದು ಬಿದಿರ ಬುಟ್ಟಿಯಲ್ಲಿಟ್ಟು ಹೊಲಗೇರಿಯ, ಅಂದರೆ ಈಗಿನ ಭೀಮನಗರದ, ಹೆಂಗಸಿನ ತಲೆಗೆ ಏರಿಸುತ್ತಿದ್ದರು. ಬುಟ್ಟಿಯಲ್ಲಿ ಹಸಿರು ಬಳೆ, ರವಿಕೆಯ ಖಣ, ನಿಂಬೆಹಣ್ಣು, ಬೇನೆಯ ದೇವತೆ ಮರಗಮ್ಮನ ಮರದ ಮುಖ. ಹೊತ್ತವಳು ಕೂದಲು ಬಿಚ್ಚಿ ಬರಿಗಾಲಲ್ಲಿ ಸೀಮೆಯಾಚೆ ನಡೆಯಬೇಕು. ದಾರಿಯಲ್ಲಿ ಅವಳನ್ನು ಯಾರೂ ಮುಟ್ಟಬಾರದು. ಅವಳು ಬುಟ್ಟಿ ಇಳಿಸಿದ ಜಾಗವನ್ನು ಯಾರೂ ದಾಟಬಾರದು. ದಾಟಿದವರ ಮನೆಗೆ ತಾಯಿ ಹೊಗುತ್ತಾಳೆ. ಅದನ್ನು ಮತ್ತೆ ಎತ್ತಬೇಕಾದರೂ ಕೇರಿಯವರೇ ಎತ್ತಬೇಕು. ಹೊತ್ತವಳು ಅಮಾವಾಸ್ಯೆಯ ತನಕ ಊರ ಹೊರಗೇ ಬಿದ್ದಿರಬೇಕು.

ಜಿಜಾಬಾಯಿ ಹಾಗೆ ಹೊತ್ತವಳು. ಮದುವೆಯಾಗಿ ಬಂದ ಹೊಸದರಲ್ಲಿ, ಬಸಿರಿ. ಸೀಮೆಯ ಕಲ್ಲಿನ ಹತ್ತಿರವೇ ಕೂಸು ಜಾರಿತು. ಊರಿನ ಒಂದು ಹೆಂಗಸೂ ಹತ್ತಿರ ಬರಲಿಲ್ಲ. ಬುಟ್ಟಿ ಹೊತ್ತವಳನ್ನು ಮುಟ್ಟುವಂತಿಲ್ಲವಲ್ಲ. ಮುಂದೆ ಕೇರಿಯವರೆಲ್ಲ ಬುದ್ಧನ ದಾರಿ ಹಿಡಿದ ದಿನ, ಆ ಮರದ ಮುಖವನ್ನು ಕೊಡಲಿಯಿಂದ ಸೀಳಿ ಒಲೆಗೆ ಹಾಕಿ ರೊಟ್ಟಿ ಸುಟ್ಟವಳು ಇದೇ ಜಿಜಾಬಾಯಿ.

"ಹೊರ್ತೀ ಏನು?" ಎಂದು ಕೇಳಿದಳು ಅತ್ತೆ.

ಶಾಲುಬಾಯಿ ಮಗಳ ತಲೆ ಒರೆಸುತ್ತಲೇ ಇದ್ದಳು. "ಪೋರಿ ತಲಿ ನೋಡ್ರಿ ಅತ್ತಿ."

"ನೋಡೀನಿ. ಕಣ್ಣಿಲ್ಲೇನು ನನಗ?"

"ನಂಬಿಕಿ ಇಲ್ಲದವ್ರು ಹೊತ್ರ ಅದು ಬರೇ ಬಿದರಿನ ಬುಟ್ಟಿ ಅಲ್ಲೇನ್ರಿ?"

"ನಿನಗ ಬಿದರು. ಊರಿಗಿ?" ಎಂದಳು ಜಿಜಾಬಾಯಿ. ಗೋಡೆಯ ಕಡೆ ತಿರುಗಿ ಮಲಗಿದಳು. ಆ ಸಂಜೆ ಸೊಸೆ ತಟ್ಟೆಯಿಟ್ಟು ಕರೆದರೂ ಎದ್ದು ಕೂರಲಿಲ್ಲ.

* * *

"ಆಟಕ್ಕ ಮಾಡೋದಲ್ಲೋ ಅದು ಮನ್ಮಥಾ. ಮರಗಮ್ಮ ಸಿಟ್ಟಿನಕಿ."

"ಯವ್ವಾ, ಫೋಟೋಕ ಅಷ್ಟೇ. ಶಾಲು ಅತ್ತಾಗ ಇತ್ತಾಗ ಎರಡ ಹೆಜ್ಜಿ ನಡೀತಾಳ, ಮುಗೀತು."

ಮರುದಿನ ಮನ್ಮಥಪ್ಪನ ತಾಯಿ ಗುಂಡಮ್ಮ ಹಣೆತುಂಬ ವಿಭೂತಿ ಬಳಿದುಕೊಂಡು ತೋಟದ ಮನೆಯ ಕಟ್ಟೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಮಗ ಬೀದರಿನ ಅಂಗಡಿಯಿಂದ ಕೊಂಡುತಂದ ಬಣ್ಣದ ಮುಖವಾಡವೊಂದು ಅದರಲ್ಲಿತ್ತು. ಮುದುಕಿಗೆ ಸಮಾಧಾನವಿಲ್ಲ. "ಖಾಲಿ ಬುಟ್ಟಿ ಹೊರಸಿದ್ರ ನಮ್ಮ ಮನಿಗೇ ತಿರುಗಿ ಬರ್ತಾಳ" ಎನ್ನುತ್ತ ಹೊಸ ಖಣ ಮಡಚಿಟ್ಟಳು. ಬಳೆ ಇಟ್ಟಳು. ನಿಂಬೆಹಣ್ಣು ಕೊಯ್ದು ಕುಂಕುಮ ತುಂಬಿದಳು. ಕಣ್ಣು ಮುಚ್ಚಿ ತುಟಿಯಲ್ಲೇ ಏನೋ ಅಂದಳು. ಆಮೇಲೆ ಬುಟ್ಟಿಯನ್ನು ಕಟ್ಟೆಯ ಅಂಚಿಗೆ ನೂಕಿ, ಕೈ ಹಿಂದಕ್ಕೆಳೆದುಕೊಂಡಳು. ಹೊರಲು ಬಂದು, ಕೊಡ ಹಿಡಿದ ಹೆಂಗಸರ ಮುಂದೆ ನಿಂತಿದ್ದ ಶಾಲುಬಾಯಿಯ ಕೈಗೆ ಕೊಡಲಿಲ್ಲ.

ಪಾರ್ಟಿಯವರು ಹಕ್ಕಿ ನೋಡಿ ಮುಗಿಸಿ ದಂಡೆಯಿಂದ ಹತ್ತಿ ಬಂದರು. ಮೇಡಂ ಕೊರಳಲ್ಲಿ ಮೊಣಕೈಯುದ್ದದ ಕ್ಯಾಮೆರಾ, ಅವರ ಯಜಮಾನರ ತಲೆಗೆ ಅಗಲ ಟೋಪಿ. ಜೀಪಿನ ಚಾಲಕ ಗೌಸೋದ್ದೀನ ನೀರಿನ ಬಾಟಲಿಗಳ ಪೆಟ್ಟಿಗೆ ಹೊತ್ತು ಹಿಂದೆ ಬಂದ.

ಮನ್ಮಥಪ್ಪನ ಭಾಷೆಯೇ ಬದಲಾಗಿಬಿಟ್ಟಿತು. "ಇದು ಇಲ್ಲಿನ ಮೂಲ ನಿವಾಸಿಗಳ ಬಹಳ ಪುರಾತನ ಆಚರಣೆ ಮೇಡಂ. ಬರಗಾಲದಲ್ಲಿ ದೇವಿಯನ್ನು ಗಡಿ ದಾಟಿಸುತ್ತಾರೆ. ಹೊತ್ತವಳನ್ನು ಯಾರೂ ಮುಟ್ಟುವಂತಿಲ್ಲ. ದೇವಿ ಇಳಿದ ಜಾಗ ಯಾರೂ ದಾಟುವಂತಿಲ್ಲ. ಇವತ್ತಿಗೂ ಅಷ್ಟೇ ಭಕ್ತಿ."

"ಇವತ್ತಿಗೂನಾ? ಎಷ್ಟು ಪವರ್‌ಫುಲ್ ಅಲ್ವಾ!" ಎಂದರು ಮೇಡಂ.

"ಕೂದಲ ಬಿಚ್ಚು" ಎಂದ ಅವನು ಶಾಲುಬಾಯಿಗೆ, ಹಲ್ಲಿನ ಸಂದಿಯಿಂದ. "ಚಪ್ಪಲಿ ತೆಗಿ. ಏ ಜನಾಬಾಯಿ, ಪ್ಲಾಸ್ಟಿಕ್ ಕೊಡ ಎಲ್ಲಾ ಆ ಬೇಲಿ ಹಿಂದ ಇಡ್ರಿ. ಫೋಟೋದಾಗ ಬರ್ಬಾರ್ದು."

ಶಾಲುಬಾಯಿ ಕೂದಲು ಬಿಚ್ಚಿದಳು. ಬುಟ್ಟಿ ಎತ್ತಿ ತಲೆಗಿಟ್ಟುಕೊಂಡಳು. ಭಾರವೇನೂ ಇರಲಿಲ್ಲ. ಕಟ್ಟೆಯಿಂದ ಜಾಲಿಗಿಡದ ತನಕ ನಡೆದಳು. "ಬಿಸಿಲು ಮುಖಕ್ಕೆ ಬೀಳ್ತಿಲ್ಲ" ಎಂದರು ಮೇಡಂ. ಹಿಂದಿರುಗಿ ಮತ್ತೆ ನಡೆದಳು. "ಇನ್ನೂ ಸ್ವಲ್ಪ ನಿಧಾನ." ಮತ್ತೆ ನಡೆದಳು. "ಮಾರಿ ಗಂಟ ಹಾಕ್ಕೋಬ್ಯಾಡ, ಮೈಮ್ಯಾಲಿ ಬಂದಂಗ ಮಾಡು" ಎಂದ ಮನ್ಮಥಪ್ಪ. ಕಾದ ನೆಲ ಅಂಗಾಲು ಸುಡುತ್ತಿತ್ತು. ಒಂದೊಂದು ಸಲ ತಿರುಗಿದಾಗಲೂ ಕಣ್ಣಿಗೆ ಬೀಳುತ್ತಿದ್ದದ್ದು ಅದೇ: ಹೊಲದಂಚಿನ ಮೋಟಾರು ಕೋಣೆ, ಅಲ್ಲಿಂದ ಹೊರಟ ಕರಿ ಪೈಪು, ಪೈಪಿನ ಕೊನೆಯಲ್ಲಿ ಹೊಳೆಯುವ ನೀರು.

ಅಷ್ಟರಲ್ಲಿ ಸುಜಾತಾ ಬೇಲಿ ನುಸುಳಿ "ಆಯಿ!" ಎಂದು ಓಡಿಬಂದಳು. ಮೇಡಂ ಕ್ಯಾಮೆರಾ ಇಳಿಸಿ ಮಂಡಿಯೂರಿದರು. ಕೆಟ್ಟ ಹೆಂಗಸೇನಲ್ಲ. ಗೌಸೋದ್ದೀನನ ಪೆಟ್ಟಿಗೆಯಿಂದ ಬಾಟಲಿ ತೆಗೆದು ಮಗುವಿಗೆ ಕೊಟ್ಟರು. ಮಗು ಎರಡು ಕೈಯಲ್ಲಿ ಹಿಡಿದು, ಉಸಿರು ಬಿಡದೆ ಗಟಗಟ ಕುಡಿಯಿತು. ಆಗ ಅದರ ತಲೆ ಕಂಡು ಅವರು ಮುಖ ಹಿಂದೆ ಎಳೆದುಕೊಂಡರು.

"ಅಯ್ಯೋ, ಪಾಪು ತಲೆಗೆ ಏನಾಗಿದೆ ಇದು?"

ಮನ್ಮಥಪ್ಪ ನಕ್ಕ. "ಅದು ಹಾಗೇ ಮೇಡಂ. ಇವರಲ್ಲಿ ಸ್ನಾನ ಮಾಡೋ ಪದ್ಧತಿ ಕಡಿಮೆ. ಅದೂ ಅವರ ಸಂಸ್ಕೃತಿ ಅನ್ನಿ."

ಅವನು ಆಡಿದ್ದು ಪುಸ್ತಕದ ಕನ್ನಡ. ಆದರೆ ಶಾಲುಬಾಯಿ ಶಾಲೆ ಕಲಿತವಳು. ಒಂದಕ್ಷರವೂ ಬಿಡದೆ ತಿಳಿಯಿತು.

ಬುಟ್ಟಿ ಹೊತ್ತ ತಲೆ ಅಲುಗಲಿಲ್ಲ. ಮಗು ಹುಟ್ಟಿದ ದಿನದಿಂದ, ಕಾಲಿನ ಮೇಲೆ ಮಲಗಿಸಿಕೊಂಡು, ಬಿಸಿನೀರು ಮೊಣಕೈಗೆ ತಾಗಿಸಿ ನೋಡಿ, ಕಿವಿಗೆ ಹೋಗದಂತೆ ಅಂಗೈ ಅಡ್ಡ ಹಿಡಿದು ಎರೆದದ್ದೆಲ್ಲ ಅವಳ ಕೈಗೆ ನೆನಪಿತ್ತು.

ಬೇಲಿಯ ಹಿಂದಿನಿಂದ ಜನಾಬಾಯಿ ಕೂಗಿದಳು. "ಮಾಲಕರ, ಆಟ ಮುಗೀತಲ್ರಿ. ನೀರು?"

"ಈಗ ಬ್ಯಾಡ, ಹಕ್ಕಿ ಕುಂತಾವ. ಸಂಜಿಗಿ ಮತ್ತ ಫೋಟೋ ತೆಗೀತಾರ. ಪಾರ್ಟಿ ಹೋಗ್ಲಿ, ಆಮ್ಯಾಲ ನೋಡಮು."

"ನಿನ್ನೆ ಏನಂದ್ರಿ?"

"ನಿನ್ನೆ ಅಂದಿದ್ದು ನಿನ್ನಿಗಿ. ಬಾಯಿ ಮುಚ್ಚು ಹಡಬಿಟ್ಟಿ!"

ಶಾಲುಬಾಯಿ ತಿರುಗಿದಳು. ಜಾಲಿಗಿಡದ ಕಡೆ ಹೋಗಲಿಲ್ಲ. ಹೊಲದ ಬದುವಿಗೆ ಇಳಿದು ಮೋಟಾರು ಕೋಣೆಯ ಕಡೆ ನಡೆಯತೊಡಗಿದಳು.

"ಏ, ಆ ಕಡಿ ಅಲ್ಲ! ಈ ಕಡಿ!"

ಅವಳು ನಿಲ್ಲಲಿಲ್ಲ. ಮೇಡಂ "ಅಲ್ಲಿ ಬೆಳಕು ಚೆನ್ನಾಗಿದೆ" ಎಂದು ಹಿಂದೆಯೇ ಹೊರಟರು. ಮನ್ಮಥಪ್ಪ ಓಡಿಬಂದು ಅವಳ ರಟ್ಟೆಗೆ ಕೈಹಾಕಲು ಚಾಚಿದ.

"ಮುಟ್ಟಬ್ಯಾಡೋ!" ಕಟ್ಟೆಯ ಮೇಲಿಂದ ಗುಂಡಮ್ಮ ಚೀರಿದಳು. "ಖಣ ಇಟ್ಟೀನೋ ಅದ್ರಾಗ, ಮುಟ್ಟಬ್ಯಾಡ!"

ಅವನ ಕೈ ಗಾಳಿಯಲ್ಲೇ ನಿಂತಿತು. ಅವನು ನಂಬುವವನಲ್ಲ. ಆದರೆ ತಾಯಿ ನೋಡುತ್ತಿದ್ದಳು, ತೋಟದ ಆಳು ಕಾಶೀರಾಮ ಗುದ್ದಲಿ ಬಿಟ್ಟು ನೋಡುತ್ತಿದ್ದ, ಈಗಷ್ಟೇ ಭಕ್ತಿಯ ಮಾತು ಕೇಳಿದ ಪಾರ್ಟಿಯವರು ನೋಡುತ್ತಿದ್ದರು.

ಮೋಟಾರು ಕೋಣೆಗೆ ಒಂದೇ ಬಾಗಿಲು. ಒಳಗೆ ಗೋಡೆಗೆ ಸ್ಟಾರ್ಟರ್ ಪೆಟ್ಟಿಗೆ ಗುಂಯ್‌ಗುಡುತ್ತಿತ್ತು. ನೀರು ಬಿಡುವುದೂ ನಿಲ್ಲಿಸುವುದೂ ಅಲ್ಲಿಂದಲೇ. ಶಾಲುಬಾಯಿ ಹೊಸ್ತಿಲ ಮುಂದೆ ಮಂಡಿ ಬಗ್ಗಿಸಿ, ಎರಡು ಕೈಯಲ್ಲಿ ಬುಟ್ಟಿ ಇಳಿಸಿ, ಹೊಸ್ತಿಲ ನಟ್ಟನಡುವೆ ಇಟ್ಟಳು. ಎದ್ದು ನಿಂತು ಕೂದಲು ಗಂಟು ಹಾಕಿಕೊಂಡಳು.

"ಮರಗಮ್ಮ ಇಲ್ಲಿ ಕುಂತಾಳ" ಎಂದಳು ಎಲ್ಲರಿಗೂ ಕೇಳುವಂತೆ. "ಜನಕ್ಕಾ, ಕೊಡ ತಗೊಂಡು ಬರ್ರಿ."

ಬೇಲಿಯ ಹಿಂದಿನಿಂದ ಪ್ಲಾಸ್ಟಿಕ್ ಕೊಡಗಳು ಬಂದವು, ಹಳದಿ, ನೀಲಿ, ಕೆಂಪು. ಹೆಂಗಸರು ದಂಡೆಗೆ ಓಡಿದರು. ಕರಿ ಪೈಪನ್ನು ಕೆಸರಿನಿಂದ ಎತ್ತಿ ಮೇಲಕ್ಕೆ ಎಳೆದರು. ಹಕ್ಕಿಗಳು ಒಂದೇ ಸಲ ಎದ್ದವು, ಆಕಾಶ ಒಂದು ಗಳಿಗೆ ಬೆಳ್ಳಗಾಯಿತು.

"ಕಾಶೀ, ಮೋಟಾರ ಬಂದ್ ಮಾಡೋ!"

ಕಾಶೀರಾಮ ಎರಡು ಹೆಜ್ಜೆ ಬಂದು ಬುಟ್ಟಿ ನೋಡಿದ. "ನನ್ನ ಮನ್ಯಾಗ ಬಾಣಂತಿ ಇದ್ದಾಳ್ರಿ ಧಣಿ. ನಾ ದಾಟಲ್ರಿ."

"ಗೌಸೋದ್ದೀನ, ನೀ ಹೋಗು. ನಿನಗೇನು ಇದರ ಹಂಗು?"

ಗೌಸೋದ್ದೀನ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡ. "ಸಾಬ್, ನಾಳಿ ಊರಾಗ ಯಾರಿಗರೆ ಜ್ವರ ಬಂದ್ರ ತುರ್ಕ ದಾಟಿದಾಂತ ನನ್ನ ಕಡಿದು ಹಾಕ್ತಾರ. ಬ್ಯಾಡ್ರಿ."

ಮನ್ಮಥಪ್ಪ ತಾನೇ ಮುಂದೆ ಬಂದ. ಬೂಟುಗಾಲು ಎತ್ತಿದ.

"ದಾಟು" ಎಂದಳು ಗುಂಡಮ್ಮ. ಅವಳು ಬಿಸಿಲಲ್ಲೇ ಬದುವಿನ ತನಕ ಬಂದಿದ್ದಳು. "ದಾಟಿ ನನ್ನ ಮನಿ ಹೊಸ್ತಿಲಿ ತುಳೀಬ್ಯಾಡ ಮತ್ತ."

ಕಾಲು ಕೆಳಗಿಳಿಯಿತು. ಅವನು ಶಾಲುಬಾಯಿಯ ಕಡೆ ತಿರುಗಿದ. "ಎತ್ತೇ ಬೋಸುಡಿ. ಎತ್ತು ಅಂದ್ರ ಎತ್ತು."

"ಎತ್ತೋರು ನಾವೇ ರೀ ಮಾಲಕರ" ಎಂದಳು ಶಾಲುಬಾಯಿ. "ಈಗ ಪುರಸೊತ್ತಿಲ್ಲ."

ಮೇಡಂ ಚಪ್ಪಾಳೆ ತಟ್ಟಿದರು. ಇದೂ ಆಚರಣೆಯ ಭಾಗವೆಂದು ತಿಳಿದಿದ್ದರು. ಯಜಮಾನರು ಅವರ ಕಿವಿಯಲ್ಲಿ ಏನೋ ಹೇಳಿದರು. ಚಪ್ಪಾಳೆ ನಿಂತಿತು.

ಪೈಪಿನ ಬಾಯಿ ಈಗ ಹೊಲದಂಚಿನ ಚಪ್ಪಡಿಯ ಮೇಲೆ ಸುರಿಯುತ್ತಿತ್ತು. ಹೆಂಗಸರು ಒಬ್ಬರನ್ನೊಬ್ಬರು ನೂಕುತ್ತ, ಬೈಯುತ್ತ, ನಗುತ್ತ ತುಂಬಿಕೊಳ್ಳುತ್ತಿದ್ದರು. "ಲಗೂ ಲಗೂ, ಕರೆಂಟ್ ಹೋದ್ರ ಮರಗಮ್ಮನೂ ಏನೂ ಮಾಡಂಗಿಲ್ಲ" ಎಂದಳು ಜನಾಬಾಯಿ. ಶಾಲುಬಾಯಿ ಸಾಲಿನಲ್ಲಿ ನಿಲ್ಲಲಿಲ್ಲ. ಮಗಳನ್ನು ಎತ್ತಿಕೊಂಡು ಬಂದು ಚಪ್ಪಡಿಯ ಮೇಲೆ ಕೂರಿಸಿದಳು. ಲಂಗ ಬಿಚ್ಚಿದಳು. ಅಂಗೈಯಲ್ಲಿ ನೀರು ಹಿಡಿದು ಮೊದಲು ನೆತ್ತಿಗೆ ತಟ್ಟಿದಳು.

"ಆಯಿ, ಉರೀತದ!"

"ಕಣ್ಣು ಮುಚ್ಚು ನನ್ನ ಬಂಗಾರ. ಇಷ್ಟೇ, ಇಷ್ಟೇ."

ಜನಾಬಾಯಿ ಸೊಂಟದ ಚೀಲದಿಂದ ಸೋಪಿನ ಚೂರು ತೆಗೆದು ಎಸೆದಳು. ಹಕ್ಕಳೆಗಳು ನೆನೆದು ಒಂದೊಂದಾಗಿ ಬಿಟ್ಟುಕೊಂಡವು. ಕೆಂಪಗಿನ ನೀರು ಮಗುವಿನ ಬೆನ್ನ ಮೇಲಿಂದ ಇಳಿದು ಒಣನೆಲಕ್ಕೆ ಹರಿಯಿತು. ಕ್ಯಾಮೆರಾ ಒಂದೆರಡು ಸಲ ಕಿಟಕ್ ಎಂದಿತು.

ಶಾಲುಬಾಯಿ ತಲೆ ಎತ್ತಿ ನೇರ ಅದರ ಕಣ್ಣನ್ನು ನೋಡಿದಳು.

"ತೆಗೀರಿ ಮೇಡಂ. ಇದ್ರದೂ ತೆಗೀರಿ. ಇವ್ರು ಹೇಳ್ಲಿಲ್ಲಲ್ಲ ನಿಮಗ, ನಾವು ಹಿಂಗ ಜಳಕ ಮಾಡಸ್ತೀವಿ."

ಮತ್ತೆ ಕಿಟಕ್ ಅನ್ನಲಿಲ್ಲ.

ಮನ್ಮಥಪ್ಪ ಜಾಲಿಗಿಡದ ಹತ್ತಿರ ಹೋಗಿ ಫೋನು ಕಿವಿಗೆ ಹಚ್ಚಿಕೊಂಡಿದ್ದ. ಪೊಲೀಸು ಅನ್ನುವುದು ಕೇಳಿಸಿತು. ಭಾಲ್ಕಿ ಅನ್ನುವುದು ಕೇಳಿಸಿತು. ಆಮೇಲೆ ಹೊಲಗೇರಿಯವರು ಅನ್ನುವುದು. ಹೆಂಗಸರ ನಗು ತಗ್ಗಿತು, ಕೈಗಳು ಬೇಗ ಬೇಗ ಆಡಿದವು. ಭಾಲ್ಕಿಯಿಂದ ಜೀಪು ಬರಲು ಬಹಳ ಹೊತ್ತು ಬೇಕಿಲ್ಲ. ಮನೆಯಲ್ಲಿ ಗೋಡೆಗೆ ಮುಖ ಮಾಡಿದ ಜಿಜಾಬಾಯಿ ಈ ನೀರನ್ನು ಬಾಯಿಗೆ ಹಾಕುತ್ತಾಳೋ ಇಲ್ಲವೋ, ಅದೂ ಶಾಲುಬಾಯಿಗೆ ಗೊತ್ತಿರಲಿಲ್ಲ.

"ಶಾಲೂ, ನಡಿ ಇನ್ನ, ಬರ್ತಾರವಾ" ಎಂದಳು ಜನಾಬಾಯಿ.

"ಬರ್ಲಿ." ಅವಳು ಅಂಗೈಯನ್ನು ಮಗುವಿನ ಹಣೆಗೆ ಅಡ್ಡ ಹಿಡಿದಳು. "ಕಿವಿ ಹಿಂದ ಇನ್ನಾ ಹೊಲಸದ. ಇನ್ನೊಂದ ಕೊಡ ತುಂಬಿ ಕೊಡು."